ಇನ್ನೂರ ಆರನೆಯ ಕಾಗದ

ಕಳೆದ ತಿಂಗಳು ನಾನು ನಿಜ್ವಾದಿಂದ ಮಸ್ಕತ್‌ಗೆ ಹೋದದ್ದು ಒಂದು ಬೀಗದಕೈ ಹಿಂತಿರುಗಿಸಲು. ಈ ದೇಶದಲ್ಲಿ ಅಂಚೆಯವನು ಮನೆಬಾಗಿಲಿಗೆ ಬರುವುದಿಲ್ಲ. ಅಂಚೆ ಕಚೇರಿಯ ಗೋಡೆಗೆ ಸಾಲಾಗಿ ಜೋಡಿಸಿದ ಕಬ್ಬಿಣದ ಪೆಟ್ಟಿಗೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿಯಬೇಕು. ಅದರ ಸಂಖ್ಯೆಯೇ ವಿಳಾಸ. ಮಸ್ಕತ್‌ನ ರೂವಿಯಲ್ಲಿ ಅಂಥದೊಂದು ಪೆಟ್ಟಿಗೆಯ ಬಾಡಿಗೆ ಮುಗಿದಿದೆ ಎಂಬ ಸಂದೇಶ ನನ್ನ ಮೊಬೈಲಿಗೆ ಬಂತು. ಪೆಟ್ಟಿಗೆ ನನ್ನದಲ್ಲ. ಅದರ ಯಜಮಾನರು ತೀರಿಕೊಂಡು ಒಂಬತ್ತು ತಿಂಗಳಾಗಿದೆ. ಅವರ ಕಾಗದಗಳನ್ನು ನಾನು ತರುತ್ತಿದ್ದಾಗ ಕೊಟ್ಟಿದ್ದ ನಂಬರು ಹಾಗೇ ಉಳಿದುಬಿಟ್ಟಿತ್ತು.

ಕಿಟಕಿಯ ಹಿಂದಿದ್ದ ಹುಡುಗಿ ಬೀಗದಕೈ ತೆಗೆದುಕೊಳ್ಳುವ ಮೊದಲು, ಒಮ್ಮೆ ತೆರೆದು ನೋಡಿ, ಏನಾದರೂ ಉಳಿದಿದ್ದರೆ ಒಯ್ಯಿರಿ ಎಂದಳು. ತೆರೆದೆ. ಕಾದ ಕಬ್ಬಿಣದ ವಾಸನೆ, ಅದರ ಜೊತೆ ಹಳೆಯ ಗೋಂದಿನ ವಾಸನೆ ಮುಖಕ್ಕೆ ಬಂತು. ಒಳಗೆ ಏನೂ ಇರಲಿಲ್ಲ. ನಾನು ಮಾತ್ರ ಬಾಗಿಲು ಹಿಡಿದುಕೊಂಡು ಸುಮಾರು ಹೊತ್ತು ನಿಂತೇ ಇದ್ದೆ. ಹಿಂದಿದ್ದವರು ಪಕ್ಕಕ್ಕೆ ಸರಿಯುವಂತೆ ಕೇಳಬೇಕಾಯಿತು.

ನಾನು ಹತ್ತನೆಯ ತರಗತಿಯಿಂದ ದಿನಚರಿ ಬರೆಯುತ್ತೇನೆ. ಅದರಲ್ಲಿ ಭಾವನೆಗಳು ಕಡಿಮೆ. ತಾರೀಕು, ಹವೆ, ಎಷ್ಟು ಪುಟ ಟೈಪ್ ಮಾಡಿದೆ, ಎಷ್ಟು ಜನರ ಅರ್ಜಿ ಹೋಯಿತು, ಅಷ್ಟೇ. ಮಸ್ಕತ್‌ನ ಹಮ್ರಿಯಾದಲ್ಲಿ ಹಂಝ ಮಾಮನ ಟೈಪಿಂಗ್ ಅಂಗಡಿಯಲ್ಲಿ ನನಗೆ ಈ ಅಭ್ಯಾಸ ಇನ್ನೂ ಗಟ್ಟಿಯಾಯಿತು. ಮಾಮ ನನ್ನ ಉಮ್ಮನ, ಅಂದರೆ ಅಮ್ಮನ ತಮ್ಮ. ನಾವು ಕರಾವಳಿಯ ಬ್ಯಾರಿ ಮುಸ್ಲಿಮರು. ಬಿ.ಕಾಂ. ಮುಗಿಸಿದ ಮೇಲೆ ನನ್ನನ್ನು ಬಂಟ್ವಾಳದಿಂದ ಕರೆಸಿಕೊಂಡವರು ಅವರೇ. ವೀಸಾ ಅರ್ಜಿ, ಬಾಡಿಗೆ ಕರಾರು, ವೀಸಾ ಕೊಡಿಸಿದ ಕಫೀಲನಿಗೆ ಬರೆಯುವ ಮನವಿ, ಎಲ್ಲವೂ ನಮ್ಮ ಎರಡು ಕಂಪ್ಯೂಟರಿನಿಂದ ಹೊರಡುತ್ತಿದ್ದವು. ಆ ವರ್ಷದ ನವೆಂಬರ್ 10ರ ಪುಟದಲ್ಲಿ ಹೀಗಿದೆ: "ಭಾನುವಾರ. ಸೆಖೆ ಕಡಿಮೆ. ಅಂಗಡಿ ಅಲ್ಲ, ಇವತ್ತಿನಿಂದ ಇಂಗ್ಲಿಷ್ ಸಾಹೇಬರ ಮನೆ. 3 ಪುಟ."

ಸಾಹೇಬರ ಹೆಸರು ಎಡ್ಮಂಡ್. ಎಪ್ಪತ್ತೊಂಬತ್ತು ವರ್ಷ. ತಮ್ಮ ಜೀವನದ ಕಥೆ ಹೇಳುತ್ತೇನೆ, ಟೈಪ್ ಮಾಡುವವರು ಬೇಕು, ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ಅಂಗಡಿಗೆ ಹೇಳಿಕಳಿಸಿದ್ದರು. ಮನೆ ವಾದಿ ಅದಾಯ್‌ನ ವರ್ಕ್‌ಶಾಪುಗಳನ್ನು ದಾಟಿ, ಗುಡ್ಡದ ಬುಡದಲ್ಲಿತ್ತು. ಬಾಗಿಲು ತೆರೆದದ್ದು ಲಾರೆನ್ಸಣ್ಣ. ಕಿನ್ನಿಗೋಳಿಯವರು, ಆ ಮನೆಯಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವರು. ಹೆಸರು ನಸೀಮಾ, ಊರು ಬಂಟ್ವಾಳ ಎಂದದ್ದೇ ತಡ ಇಂಗ್ಲಿಷ್ ಬಿಟ್ಟರು. "ಬ್ಯಾರ್ತಿಯಾ? ಹಾಗಾದ್ರೆ ಒಳಗೆ ಬಾ ಮಗಳೇ. ಇಲ್ಲಿ ಕನ್ನಡ ಮಾತಾಡದೆ ನನ್ನ ನಾಲಿಗೆಗೆ ತುಕ್ಕು ಹಿಡಿದುಂಟು." ಯಜಮಾನರನ್ನು ಅವರು ಧನಿಗಳು ಎನ್ನುತ್ತಿದ್ದರು. ಧನಿಗಳಿಗೆ ಬರುವ ಲಕೋಟೆಗಳ ಮೇಲೆ ಹೆಸರಿನ ಮೊದಲು 'ಆನರಬಲ್' ಎಂದು ಇರುವುದು ಲಾರೆನ್ಸಣ್ಣನಿಗೆ ದೊಡ್ಡ ತಮಾಷೆ. "ನಮ್ಮಲ್ಲಿ ಅದು ಎಮ್ಮೆಲ್ಲೆಗೆ ಹೇಳುದು. ಇವ್ರು ಯಾವ ಎಲೆಕ್ಷನ್‌ಗೆ ನಿಂತದ್ದು ಅಂತ ನಂಗೆ ಇನ್ನೂ ಗೊತ್ತಾಗ್ಲಿಲ್ಲ."

ಅದು ಚುನಾವಣೆಯ ಮಾತಲ್ಲ, ಹುಟ್ಟಿನ ಮಾತು ಎಂದು ನನಗೆ ಎರಡನೆಯ ದಿನ ತಿಳಿಯಿತು. ಅವರ ತಂದೆ ಲಾರ್ಡ್. ತಂದೆಯ ನಂತರ ಆ ಬಿರುದು ಐದು ವರ್ಷ ದೊಡ್ಡವನಾದ ಅಣ್ಣನಿಗೆ ಹೋಗಿತ್ತು. ಮನೆತನಕ್ಕೆ ಲಂಡನ್ನಿನಲ್ಲಿ ಒಂದು ಖಾಸಗಿ ಬ್ಯಾಂಕ್ ಇತ್ತು, ಎಂಟು ತಲೆಮಾರಿನದು. ಎಡ್ಮಂಡ್ ಹತ್ತೊಂಬತ್ತನೆಯ ವಯಸ್ಸಿಗೆ ಅದರೊಳಗೆ ಹೋದರು.

ಆ ಬ್ಯಾಂಕಿನ ಬಗ್ಗೆ ಅವರು ಹೇಳಿ ಬರೆಸಿದ್ದನ್ನು ನಾನು ಈಗಲೂ ಕಣ್ಣುಮುಚ್ಚಿ ಹೇಳಬಲ್ಲೆ. ಪಾಲುದಾರರಿಗೆ ಬೇರೆ ಬೇರೆ ಕೋಣೆಗಳಿರಲಿಲ್ಲ. ಎಲ್ಲರಿಗೂ ಸೇರಿ ಒಂದೇ ದೊಡ್ಡ ಕೋಣೆ, ನಡುವೆ ಉದ್ದದ ಮೇಜು. ಬೆಳಿಗ್ಗೆ ಒಂಬತ್ತು ಗಂಟೆಗೆ ಐವರು ಗಂಡಸರು ಅದರ ಸುತ್ತ ಕೂರುತ್ತಿದ್ದರು. ಹಿರಿಯರು ದಂತದ ಚಾಕುವಿನಿಂದ ಕಾಗದ ಒಡೆದು ಪಕ್ಕದವರಿಗೆ ಕೊಡಬೇಕು, ಅವರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಡ್ಯೂಕ್ ಒಬ್ಬನ ಸಾಲವಿರಲಿ, ವಿಧವೆಯೊಬ್ಬಳ ಮರುಮದುವೆಯಿರಲಿ, ಆ ಮೇಜಿಗೆ ಗುಟ್ಟೆಂಬುದಿಲ್ಲ. ಒಬ್ಬನೇ ಕೂತು ಕಾಗದ ಒಡೆಯುವವನು ಬ್ಯಾಂಕನ್ನು ಮುಳುಗಿಸುತ್ತಾನೆ ಎಂದು ಅಜ್ಜನ ನಂಬಿಕೆ. ಬಂದ ಕ್ರಮದಲ್ಲೇ ಒಡೆಯಬೇಕು, ದೊಡ್ಡವರ ಕಾಗದವೆಂದು ಮುಂದೆ ತರಕೂಡದು. ಎಲ್ಲವನ್ನೂ ಒಡೆದು ಮುಗಿಯುವವರೆಗೆ ಒಂದಕ್ಕೂ ಉತ್ತರ ಬರೆಯಕೂಡದು, ಯಾಕೆಂದರೆ ಕೊನೆಯ ಕಾಗದ ಮೊದಲನೆಯದರ ಮಾತನ್ನೇ ಬದಲಿಸಬಹುದು. ಎಡ್ಮಂಡ್ ಮೊದಲ ಮೂರು ವರ್ಷ ಬಾಯಿ ತೆರೆಯದೆ ಕೇಳಿದರು. ಅಕ್ಷರ ನೋಡಿ ಮನುಷ್ಯನನ್ನು ತಿಳಿಯಲು ತಂದೆ ಕಲಿಸಿದರಂತೆ: ಬರೆಯುವ ಕೈ ನಡುಗಿದ್ದರೆ ಅವನಿಗೆ ಸಾಲ ಕೊಡಬೇಡ, ಊಟಕ್ಕೆ ಕರೆ.

ಮೂವತ್ತೊಂದನೆಯ ವಯಸ್ಸಿನಲ್ಲಿ ಅವರನ್ನು ಮಸ್ಕತ್‌ಗೆ ಕಳಿಸಿದರು. ಇಲ್ಲಿ ರಸ್ತೆಗಳು, ಬಂದರುಗಳು ಏಳುತ್ತಿದ್ದ ಕಾಲ. ರೂವಿಯಲ್ಲಿ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಆಫೀಸು, ಪಾಲುದಾರರು ಅವರೊಬ್ಬರೇ. ಜೊತೆಗೆ ಕೂರುವವರಿಲ್ಲದ್ದರಿಂದ ಕಾಗದಗಳನ್ನು ಒಡೆಯದೆ ಲಂಡನ್ನಿಗೆ ಕಳಿಸಬೇಕೆಂದು ಅಪ್ಪಣೆ. ನಾಲ್ಕು ವರ್ಷ ಹಾಗೇ ನಡೆಯಿತು. ಒಂದು ದಿನ, ರಸ್ತೆ ಗುತ್ತಿಗೆಯ ಮುದುಕರೊಬ್ಬರು ತಾವೇ ಮೆಟ್ಟಿಲು ಹತ್ತಿ ಬಂದು ಲಕೋಟೆಯೊಂದನ್ನು ಕೈಗೆ ಕೊಟ್ಟರು. ಎಡ್ಮಂಡ್ ಅದನ್ನು ಅಲ್ಲೇ ಒಡೆದರು. ಮಗ ವಿದೇಶದ ಆಸ್ಪತ್ರೆಯಲ್ಲಿದ್ದಾನೆ, ಸಾಲದ ಕಂತಿಗೆ ಮೂರು ತಿಂಗಳು ಕಾಯಿರಿ ಎಂದಿತ್ತು. ಕಾಯುತ್ತೇನೆ ಎಂದು ಸಹಿ ಹಾಕಿದರು. ಮೂರು ತಿಂಗಳೊಳಗೆ ಆ ಮುದುಕರ ವ್ಯವಹಾರ ಬಿತ್ತು.

ಲಂಡನ್ನಿಗೆ ಕರೆಸಿದರು. ಅಷ್ಟರಲ್ಲಿ ತಂದೆ ಇಲ್ಲ, ಮೇಜಿನ ತಲೆಯಲ್ಲಿ ಅಣ್ಣ. ಎಷ್ಟು ನಷ್ಟವಾಯಿತು ಎಂದು ಅಣ್ಣ ಕೇಳಲಿಲ್ಲ. ಕೇಳಿದ್ದು ಒಂದೇ: "ಅದನ್ನು ಒಡೆದಾಗ ನಿನ್ನ ಜೊತೆ ಯಾರಿದ್ದರು?"

ಯಾರೂ ಇರಲಿಲ್ಲ ಎಂದು ಎಡ್ಮಂಡ್ ಹೇಳಿದರು. ಪಾಲುದಾರಿಕೆ ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿ ಮಸ್ಕತ್‌ಗೆ ಮರಳಿದರು. ಆಮೇಲೆ ಇಲ್ಲಿಯ ವರ್ತಕರಿಗೆ ಸಲಹೆಗಾರರಾಗಿ ಬದುಕು ಸಾಗಿಸಿದರು. ಅಣ್ಣತಮ್ಮಂದಿರು ನಲವತ್ತನಾಲ್ಕು ವರ್ಷ ಮಾತಾಡಿರಲಿಲ್ಲ. ಬ್ಯಾಂಕನ್ನು ಯಾವಾಗಲೋ ದೊಡ್ಡ ಬ್ಯಾಂಕೊಂದು ನುಂಗಿತ್ತು. ಆ ಉದ್ದನೆಯ ಮೇಜು ಎಲ್ಲಿದೆಯೋ ಅವರಿಗೆ ತಿಳಿದಿರಲಿಲ್ಲ.

ಇಷ್ಟು ಬರೆಸುವುದಕ್ಕೆ ಒಂದು ತಿಂಗಳು ಹಿಡಿಯಿತು. ನಲವತ್ತೊಂದು ಪುಟ. ಡಿಸೆಂಬರ್ 8ರಂದು ಹಳೆಯ ಫೋಟೊ ಹುಡುಕುತ್ತ ಲಾರೆನ್ಸಣ್ಣನ ಜೊತೆ ಒಳಕೋಣೆಯ ಕಪಾಟು ತೆರೆದೆ. ಅದರ ಕೆಳಗಿನ ಎರಡು ಅರೆಗಳಲ್ಲಿ ಕಾಗದಗಳು. ಒಂದೂ ಒಡೆದಿರಲಿಲ್ಲ. ಲಾರೆನ್ಸಣ್ಣ ದನಿ ತಗ್ಗಿಸಿ ಹೇಳಿದರು: ಅಮ್ಮ ಇದ್ದಾಗ ದಿನಾ ಒಂಬತ್ತು ಗಂಟೆಗೆ ಗಂಡ ಹೆಂಡತಿ ಎದುರುಬದುರು ಕೂತು ಕಾಗದ ಒಡೆಯುತ್ತಿದ್ದರು, ಧನಿಗಳು ಒಡೆಯುವುದು, ಅಮ್ಮ ಓದುವುದು. ಅಮ್ಮ ಹೋಗಿ ಎರಡೂವರೆ ವರ್ಷ. ಆವತ್ತಿನಿಂದ ಒಂದನ್ನೂ ಮುಟ್ಟಿಲ್ಲ. ಕರೆಂಟು ಬಿಲ್ಲು, ಫೋನ್ ಬಿಲ್ಲು ಲಾರೆನ್ಸಣ್ಣನೇ ಅಂದಾಜಿನ ಮೇಲೆ ಕಟ್ಟುತ್ತಿದ್ದರು. ಮನೆಯ ಫೋನು ಮಾತ್ರ ಹೇಗೋ ತಪ್ಪಿ ಕಡಿದುಹೋಗಿತ್ತು. "ನಾನು ಕೂರ್ತೇನೆ ಅಂದೆ. ನಿಂಗೆ ಓದ್ಲಿಕ್ಕೆ ಬರುದಿಲ್ಲ ಲಾರೆನ್ಸ್ ಅಂದ್ರು. ಅದೂ ಸತ್ಯವೇ. ನಂದು ಮೂರನೇ ಕ್ಲಾಸು."

ನಾನು ಕೂರಲೇ ಎಂದು ಎಡ್ಮಂಡ್ ಸಾಹೇಬರನ್ನು ಕೇಳಿದೆ. ಬರುವ ಭಾನುವಾರದಿಂದ, ಒಂಬತ್ತಕ್ಕೆ, ದಿನಕ್ಕೆ ನಾಲ್ಕು ಎಂದರು. ಅವರ ಕಣ್ಣಿಗೂ ಎದೆಗೂ ಅಷ್ಟೇ ತಡೆಯುವುದು ಎಂದು ಈಗ ಅರ್ಥವಾಗುತ್ತದೆ.

ಆ ವಾರವೆಲ್ಲ ನಾನು ಕಾಗದಗಳನ್ನು ಅಂಚೆಮುದ್ರೆಯ ತಾರೀಕಿನಂತೆ ಜೋಡಿಸಿದೆ. ಪ್ರತಿಯೊಂದರ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿದೆ. ನೂರ ತೊಂಬತ್ತನಾಲ್ಕು. ಹೊಸದಾಗಿ ಬಂದವನ್ನು ಕೊನೆಗೆ ಸೇರಿಸಬೇಕು. ಅಂಚೆ ಪೆಟ್ಟಿಗೆಯ ಬೀಗದಕೈ ಅಂದೇ ನನ್ನ ಕೈಗೆ ಬಂತು.

ಆ ಚಳಿಗಾಲದ ಬೆಳಗುಗಳಷ್ಟು ಸುಖದ ಬೆಳಗುಗಳನ್ನು ನಾನು ಬೇರೆ ಕಂಡಿಲ್ಲ. ಕಿಟಕಿ ತೆರೆದಿಟ್ಟರೂ ಎಸಿ ಬೇಡ. ಗುಡ್ಡದ ಕಲ್ಲು ಬೂದಿಯಿಂದ ಗುಲಾಬಿಗೆ, ಆಮೇಲೆ ಬಿಳುಪಿಗೆ ತಿರುಗುವಷ್ಟರಲ್ಲಿ ನಾಲ್ಕು ಕಾಗದ ಮುಗಿಯುತ್ತಿದ್ದವು. ಅವರು ಒಡೆಯುತ್ತಿದ್ದರು, ನಾನು ಓದುತ್ತಿದ್ದೆ. ಇಗರ್ಜಿಯ ಸುತ್ತೋಲೆ, ತೋಟದ ಬೀಜಗಳ ಪಟ್ಟಿ, ಸತ್ತ ಹೆಂಡತಿಗೆ ಬಂದ ಕನ್ನಡಕದಂಗಡಿಯ ನೆನಪೋಲೆ. ಪ್ರತಿಯೊಂದಕ್ಕೂ ಸರಿಯಾದ ಗಂಭೀರತೆ. ಬೀಜಗಳ ಪಟ್ಟಿ ಓದಿದಾಗಲೂ ಎರಡು ಕ್ಷಣ ಯೋಚಿಸಿ, "ನಿಮ್ಮ ಅಭಿಪ್ರಾಯ, ಮಿಸ್ ನಸೀಮಾ?" ಎನ್ನುತ್ತಿದ್ದರು. ಇಪ್ಪತ್ತನಾಲ್ಕು ವರ್ಷಕ್ಕೆ ಮೊದಲ ಬಾರಿ ಒಬ್ಬರು ನನ್ನ ಅಭಿಪ್ರಾಯ ಕೇಳಿ ಅದಕ್ಕಾಗಿ ಕಾಯುತ್ತಿದ್ದರು. ಮನೆಗೆ ಬಂದು ಹೇಳಿದರೆ ಹಂಝ ಮಾಮ ನಗುತ್ತಿದ್ದರು. "ಬೀಜ ಹಾಕ್ಲಿಕ್ಕೆ ಮಣ್ಣೇ ಇಲ್ಲ ಆ ಮನೇಲಿ. ನಿಂದೂ ಅವ್ರದ್ದೂ ದೊಡ್ಡ ಮೀಟಿಂಗು."

ಜನವರಿ 6, ಸೋಮವಾರ. ಸಂಖ್ಯೆ 58. ದಪ್ಪ ಕೆನೆಬಣ್ಣದ ಲಕೋಟೆ. ಅಕ್ಷರ ನೋಡಿದವರೇ ಚಾಕು ಕೆಳಗಿಟ್ಟರು. "ನನ್ನ ಅಣ್ಣ," ಎಂದರು. ಆಮೇಲೆ ಒಡೆದರು. ಕೈ ಸ್ಥಿರವಾಗಿತ್ತು, ಕಾಗದ ಮಾತ್ರ ಒಂದು ಬದಿಗೆ ಹರಿಯಿತು. ನಾನು ಓದಿದೆ. ನಿನ್ನ ಹೆಂಡತಿಯ ಸಾವನ್ನು ಪತ್ರಿಕೆಯಲ್ಲಿ ಓದಿದೆ, ನೀನು ಹೇಗಿದ್ದೀಯೆಂದು ತಿಳಿಯುವ ಆಸೆ, ನನಗೆ ಬರೆಯಲೇಬೇಕೆಂದಿಲ್ಲ. ಒಟ್ಟು ಆರು ಸಾಲು.

ಎರಡು ವರ್ಷ ಹಳೆಯ ಕಾಗದ. ಅವರು ಕಿಟಕಿಯ ಕಡೆ ತಿರುಗಿದರು. ಇದೇ ಅಕ್ಷರದ್ದು ಇನ್ನೂ ಇವೆಯೇ ಎಂದು ಕೇಳಿದರು. ಜೋಡಿಸುವಾಗಲೇ ನಾನು ಗಮನಿಸಿದ್ದೆ. ಮೂರಿವೆ, 91, 117, 150 ಎಂದೆ. ಅವನ್ನು ಮೊದಲೇ ತೆಗೆಯೋಣವೇ ಎಂದರು. ಅವರ ದನಿ ಅನುಮತಿ ಕೇಳುವ ಹಾಗಿತ್ತು.

ನಾನು ಬೇಡ ಎಂದೆ. ಹದಿನಾರನೆಯ ಪುಟದಲ್ಲಿ ನೀವೇ ಬರೆಸಿದ್ದೀರಿ, ಯಾರ ಕಾಗದವನ್ನೂ ಮುಂದೆ ತರಕೂಡದು ಎಂದು, ಅಂದೆ. ನಗುತ್ತ ಹೇಳಿದೆ. ಆದರೆ ತಮಾಷೆಗಲ್ಲ. ನನ್ನ ಸಂಖ್ಯೆಗಳು ಅಷ್ಟು ನೇರವಾಗಿ ನಿಂತಿದ್ದವು. ನಡುವೆ ಮೂರು ಕಿತ್ತರೆ ಹಲ್ಲು ಉದುರಿದ ಬಾಯಿಯಂತೆ ಕಾಣುತ್ತದೆ ಎಂದು ಅನಿಸಿತ್ತು. ಅವರು ನನ್ನನ್ನು ನೋಡಿದರು. "ನೀವು ಆ ಕೋಣೆಯಲ್ಲಿ ಇರಬೇಕಿತ್ತು. ನನ್ನ ತಂದೆ ನಿಮಗೆ ಕುರ್ಚಿ ಕೊಡುತ್ತಿದ್ದರು." ಆ ಮಾತನ್ನು ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಗೆರೆ ಈಗಲೂ ಇದೆ.

ಅಡುಗೆಮನೆಯಲ್ಲಿ ಲಾರೆನ್ಸಣ್ಣ ನನ್ನನ್ನು ತಡೆದು ನಿಲ್ಲಿಸಿದರು. "ಎಂತ ನಂಬರ್ ಮಾರಾಯ್ತಿ? ಅಣ್ಣನ ಕಾಗದ ಅಲ್ವಾ, ತೆಗ್ದು ಕೊಡು ಒಮ್ಮೆ. ಅವ್ರು ಕೇಳುದು ನಿನ್ನ ಹತ್ರ, ಒಡೀಲಿಕ್ಕೆ ಧೈರ್ಯ ಇಲ್ಲದೆ. ನಿಂಗೆ ಅಷ್ಟು ಅರ್ಥ ಆಗುದಿಲ್ವಾ?" ಅದು ಅವರ ಬ್ಯಾಂಕಿನ ನಿಯಮ, ನಿಮಗೆ ಗೊತ್ತಾಗುವುದಿಲ್ಲ ಎಂದು ನಾನು ಹೇಳಿದೆ. ಮೂರನೇ ಕ್ಲಾಸಿನವರಿಗೆ ಹಾಗೆ ಹೇಳಬಾರದಿತ್ತು. ಅವರು ತಿರುಗಿ ಈರುಳ್ಳಿ ಹೆಚ್ಚತೊಡಗಿದರು.

91 ಜನವರಿ 16ಕ್ಕೆ ಬಂತು. ಅಣ್ಣನ ಹೆಂಡತಿಯೂ ತೀರಿಕೊಂಡಿದ್ದರು, ಮಗಳ ಮನೆಯಲ್ಲಿದ್ದೇನೆ ಎಂದಿತ್ತು. ಆ ದಿನ ಸಾಹೇಬರು ಹೇಳಿ ಬರೆಸಲಿಲ್ಲ. ಉತ್ತರವನ್ನು ಮನಸ್ಸಿನಲ್ಲೇ ಬರೆಯುತ್ತಿದ್ದಾರೆ ಎಂದು ನನಗೆ ತಿಳಿಯುತ್ತಿತ್ತು. ಊಟದ ಹೊತ್ತಿನಲ್ಲಿ ತುಟಿ ಅಲುಗುತ್ತಿತ್ತು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಒಂದು ಉದ್ದದ ಕಾಗದ ಬರೆಯೋಣ, ಆಮೇಲೆ ಆರೋಗ್ಯವಿದ್ದರೆ ಏಪ್ರಿಲಿನಲ್ಲಿ ನಾನೇ ಹೋಗಿಬರುತ್ತೇನೆ ಎಂದು ಲಾರೆನ್ಸಣ್ಣನಿಗೆ ಹೇಳಿದ್ದರು. ಚಳಿಯೂರಿಗೆ ತೊಡುವ ಉಣ್ಣೆಯ ಕೋಟನ್ನು ಬಿಸಿಲಿಗೆ ಹಾಕಿಸಿದ್ದರು. ಎರಡು ದಿನ ಅದು ಅಂಗಳದ ಹಗ್ಗದ ಮೇಲೆ ತೂಗುತ್ತಿತ್ತು. ದಾರಿಹೋಕರು ನೋಡುತ್ತಿದ್ದರು. ಈ ಊರಿನಲ್ಲಿ ಅಂಥ ಕೋಟು ಯಾರಿಗೆ ಬೇಕು.

ಜನವರಿ 21, ಮಂಗಳವಾರ. ಗಾಳಿ, ಧೂಳು. ಅಂಚೆ ಪೆಟ್ಟಿಗೆಯಲ್ಲಿ ಎರಡು ಕಾಗದ, ಒಂದು ಕೆನೆಬಣ್ಣದ್ದು. ಬಸ್ಸಿನಲ್ಲಿ ಕೂತು ಅದನ್ನು ತಿರುಗಿಸಿ ನೋಡಿದೆ. ಅದೇ ಅಕ್ಷರ, ಸ್ವಲ್ಪ ನಡುಗಿತ್ತು. ಅಣ್ಣ ಇನ್ನೂ ಇದ್ದಾರೆ, ಇನ್ನೂ ಬರೆಯುತ್ತಿದ್ದಾರೆ ಎಂದು ನನಗೂ ಸಂತೋಷವಾಯಿತು. ಸಾಹೇಬರ ಕೈಗೆ ಕೊಟ್ಟೆ. ಅವರು ಅದನ್ನು ಅಂಗೈ ಮೇಲಿಟ್ಟು ತೂಕ ನೋಡಿದರು. ಬಾಗಿಲಲ್ಲಿ ನಿಂತಿದ್ದ ಲಾರೆನ್ಸಣ್ಣ ತಮ್ಮ ಇಂಗ್ಲಿಷಿನಲ್ಲಿ ಅವರಿಗೇ ಹೇಳಿದರು, ಇವತ್ತು ಬಂದದ್ದನ್ನು ಇವತ್ತೇ ಒಡೆಯಿರಿ ಎಂದು.

ಸಾಹೇಬರು ನನ್ನ ಕಡೆ ತಿರುಗಿದರು. "ಮಿಸ್ ನಸೀಮಾ?"

"ಇನ್ನೂರ ಆರು, ಸರ್," ಎಂದೆ.

ಅಷ್ಟೇ. ಅವರು ಕಾಗದವನ್ನು ಮರಳಿ ಕೊಟ್ಟರು. ನಾನು ಮೂಲೆಯಲ್ಲಿ 206 ಎಂದು ಬರೆದು ಸಾಲಿನ ಕೊನೆಯಲ್ಲಿಟ್ಟೆ. ದಿನಕ್ಕೆ ನಾಲ್ಕರಂತೆ ಅದರ ಸರದಿ ಯಾವ ದಿನ ಬರುತ್ತದೆ ಎಂದು ಲೆಕ್ಕವನ್ನೂ ಹಾಕಿದೆ. ಫೆಬ್ರವರಿ 26, ಬುಧವಾರ. ರಂಜಾನಿನ ನೋಂಬಿಗೆ ಮೊದಲೇ ಆಗುತ್ತದೆ, ಒಳ್ಳೆಯದಾಯಿತು ಎಂದುಕೊಂಡೆ.

ಜನವರಿ ಮುಗಿಯಿತು. 117ರಲ್ಲಿ ಹಳೆಯ ಮನೆ ಮಾರಿದ ಸುದ್ದಿ. ಫೆಬ್ರವರಿ 6ಕ್ಕೆ 150. ವೈದ್ಯರು ಪ್ರಯಾಣ ಬೇಡವೆಂದಿದ್ದಾರೆ, ಇಲ್ಲದಿದ್ದರೆ ಒಮ್ಮೆ ಬಂದು ನೋಡುತ್ತಿದ್ದೆ ಎಂದು ಬರೆದಿದ್ದರು. ಆ ಸಲ ಸಾಹೇಬರೇ ನಿಧಾನವಾಗಿ ಹೇಳಿದರು, ಇನ್ನು ಮೂರು ವಾರ ತಾನೆ, ನಲವತ್ತನಾಲ್ಕು ವರ್ಷ ಕಾದದ್ದಾಗಿದೆ ಎಂದು. ಲಾರೆನ್ಸಣ್ಣನ ಮುಖ ನೋಡಲು ನನಗೆ ಆಗಲಿಲ್ಲ.

ಮುಂದಿನ ವಾರ ಅವರು ಬಾಲ್ಯ ಬರೆಸಿದರು. ದಿನಾ ಹತ್ತರಿಂದ ಹನ್ನೆರಡು. ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯಲು ಅಣ್ಣ ಕಲಿಸಿದ್ದು, ಮಂಜುಗಡ್ಡೆ ಬಿರುಕು ಬಿಟ್ಟಾಗ ಅಣ್ಣ ಹೊಟ್ಟೆಯ ಮೇಲೆ ಮಲಗಿ ತೆವಳಿ ಬಂದು ಕೈ ಚಾಚಿದ್ದು. ಆ ಐದು ದಿನ ಹದಿನೇಳು ಪುಟ. ಅಷ್ಟು ವೇಗವಾಗಿ ಅವರು ಎಂದೂ ಬರೆಸಿರಲಿಲ್ಲ.

ಫೆಬ್ರವರಿ 26ರ ಬೆಳಿಗ್ಗೆ ಸೆಖೆ ಆಗಲೇ ಶುರುವಾಗಿತ್ತು. 205 ಒಂದು ಜಾಹೀರಾತು. ಮುಂದಿನದನ್ನು ಅವರು ಒಡೆದು ನನಗೆ ಕೊಟ್ಟರು, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಲಾರೆನ್ಸಣ್ಣನೂ ಕೈ ಒರೆಸುತ್ತ ಬಂದು ನಿಂತರು. ನಾನು ಗಟ್ಟಿಯಾಗಿ ಓದಿದೆ.

"ಎಡ್ಮಂಡ್, ನಾನು ಒಂಬತ್ತಕ್ಕೆ ಬರುತ್ತೇನೆಂದು ನೀವೆಲ್ಲ ತಿಳಿದಿದ್ದಿರಿ. ನಾನು ಎಂಟಕ್ಕೇ ಬರುತ್ತಿದ್ದೆ. ಕಾಗದಗಳನ್ನು ಕುದಿಯುವ ನೀರಿನ ಹಬೆಗೆ ಹಿಡಿದು, ಬಿಡಿಸಿ, ಓದಿ, ಮತ್ತೆ ಅಂಟಿಸಿ ಇಡುತ್ತಿದ್ದೆ. ಇಪ್ಪತ್ತೆರಡು ವರ್ಷ. ಮೊದಲೇ ತಿಳಿಯದ ಮಾತನ್ನು ಎಲ್ಲರೆದುರು ಕೇಳಲು ನನಗೆ ಭಯ. ನೀನು ಒಮ್ಮೆ ಮಾಡಿದ್ದನ್ನು ನಾನು ದಿನವೂ ಮಾಡಿದ್ದೇನೆ. ಆ ಪ್ರಶ್ನೆಯನ್ನು ನಿನಗೆ ಕೇಳಿದವನು ನಾನು."

ಉಳಿದದ್ದು ಎರಡನೆಯ ಪುಟದಲ್ಲಿತ್ತು. ವೈದ್ಯರ ಮಾತು ಕೇಳದೆ ಟಿಕೆಟ್ ಮಾಡಿಸಿದ್ದರು. ಫೆಬ್ರವರಿ 9ರಿಂದ 13ರವರೆಗೆ ಮಸ್ಕತ್‌ನಲ್ಲಿರುತ್ತೇನೆ. ಹೋಟೆಲಿನ ಹೆಸರಿತ್ತು. ನಿನ್ನ ಮನೆ ಎಲ್ಲಿದೆಯೋ ಗೊತ್ತಿಲ್ಲ, ನನ್ನ ಬಳಿ ಇರುವುದು ಅಂಚೆ ಪೆಟ್ಟಿಗೆಯ ಸಂಖ್ಯೆ ಮಾತ್ರ. ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕೆಳಗಿನ ಹಜಾರದಲ್ಲಿ ಬಾಗಿಲಿಗೆ ಎದುರಾಗಿ ಕೂತಿರುತ್ತೇನೆ. ನೀನು ಬರದಿದ್ದರೆ ಅದೂ ಉತ್ತರವೇ. ಮತ್ತೆ ಬರೆದು ತೊಂದರೆ ಕೊಡುವುದಿಲ್ಲ.

ಆ ಹೋಟೆಲಿಗೆ ಸಾಹೇಬರ ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷ. ಕಾಗದ ಆ ಐದು ದಿನವೂ ಈ ಕೋಣೆಯಲ್ಲೇ, ನನ್ನ ಬಲಗೈ ಪಕ್ಕದ ಮೇಜಿನ ಮೇಲಿತ್ತು.

ಸಾಹೇಬರು ಇವತ್ತು ತಾರೀಕೆಷ್ಟು ಎಂದು ಕೇಳಿದರು. ಹೇಳಿದೆ. ತಲೆಯಾಡಿಸಿದರು. ಕಾಗದದ ತಲೆಯಲ್ಲಿ ಫೋನ್ ನಂಬರು ಇದೆಯೇ ಎಂದರು. ಇತ್ತು. ನನ್ನ ಮೊಬೈಲಿನಿಂದಲೇ ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ. ಒಬ್ಬ ಹೆಂಗಸು ಎತ್ತಿಕೊಂಡಳು. ಅಣ್ಣನ ಮಗಳು. ಇವರು ತಮ್ಮ ಹೆಸರು ಹೇಳಿದ್ದಕ್ಕೆ ಅವಳು ಅಳತೊಡಗಿದಳು. ಅಪ್ಪ ಶನಿವಾರ ಹೋದರು ಚಿಕ್ಕಪ್ಪ, ನಿಮ್ಮ ಫೋನ್ ನಂಬರು ಇರಲಿಲ್ಲ, ನಿಮಗೆ ಕಾಗದ ಹಾಕಿದ್ದೇನೆ ಎಂದಳು.

ನಾಲ್ಕು ದಿನ. ಮನಸ್ಸಿನಲ್ಲೇ ಎಣಿಸಿದೆ. ಎಣಿಸದಿರಲು ನನಗೆ ಬರುವುದಿಲ್ಲ.

ಅವಳು ಸುಧಾರಿಸಿಕೊಂಡು ಮಾತು ಮುಂದುವರಿಸಿದಳು. "ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಬೇಡ ಬೇಡ ಎಂದರೂ ಅಲ್ಲಿಗೆ ಬಂದರು. ಮರಳಿ ಬಂದವರು ಬೇರೆ ಮನುಷ್ಯ. ನೀವು ಹೋಟೆಲಿಗೆ ಬಂದದ್ದು, ಮನೆಗೆ ಕರೆದುಕೊಂಡು ಹೋದದ್ದು, ರಾತ್ರಿ ಊಟ, ಎಲ್ಲ ಹೇಳಿದರು. ತಮ್ಮ ಚೆನ್ನಾಗಿದ್ದಾನೆ, ಎಲ್ಲ ಸರಿಹೋಯಿತು ಎಂದು ದಿನಾ ಹೇಳುತ್ತಿದ್ದರು."

ಸಾಹೇಬರು ಫೋನನ್ನೇ ನೋಡುತ್ತಿದ್ದರು. ಆಮೇಲೆ, "ಹೌದು," ಎಂದರು. "ಬಹಳ ಒಳ್ಳೆಯ ಸಂಜೆ."

ಶುಕ್ರವಾರ ಅಪ್ಪನ ಅಂತ್ಯಕ್ರಿಯೆಯ ಹೊತ್ತಿಗೆ ಇಗರ್ಜಿಯಲ್ಲಿ ಎಲ್ಲರೆದುರು ಅದನ್ನು ಹೇಳಬೇಕೆಂದಿದ್ದೇನೆ ಎಂದಳು. ಮೀನು ತಿಂದೆವು ಅಂದರು, ಯಾವ ಮೀನು ಅಂತ ಅಪ್ಪನಿಗೆ ಹೆಸರು ನೆನಪಾಗಲಿಲ್ಲ ಎಂದಳು.

ಲಾರೆನ್ಸಣ್ಣ ಮುಂದೆ ಬಂದು ಮೇಜಿನ ಮೇಲೆ ಬಾಗಿದರು. ಕಿಂಗ್‌ಫಿಶ್ ಮೇಡಂ, ನಾನೇ ಮಾಡಿದ್ದು, ನಿಮ್ಮ ಅಪ್ಪ ಎರಡು ತುಂಡು ತಿಂದರು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆ ಕಡೆಯಿಂದ ಅಳು ನಗು ಒಟ್ಟಿಗೆ ಕೇಳಿತು.

ಅಡುಗೆಮನೆಯಲ್ಲಿ ನಾನು ಅವರ ಎದುರು ನಿಂತು ತಪ್ಪಾಯಿತು ಎಂದೆ. ಅವರು ಒಲೆಯ ಕಡೆ ಮುಖ ಮಾಡಿಕೊಂಡೇ ಇದ್ದರು. "ಆ ವಾರ ಒಳ್ಳೆ ಅಂಜಲ್, ಅದೇ ಕಿಂಗ್‌ಫಿಶ್, ಸಿಕ್ಕಿತ್ತು ಮಗಳೇ. ಧನಿಗಳಿಗೆ ಒಬ್ಬರಿಗೆ ಹೆಚ್ಚಾಯ್ತು ಅಂತ ನಾನೇ ತಿಂದೆ. ಅದೊಂದು ಸುಳ್ಳಲ್ಲ." ಉರಿ ತಗ್ಗಿಸಿ, "ನೀನು ಅಳ್ಬೇಡ. ಅವ್ರಿಗೆ ಕೇಳ್ತದೆ," ಎಂದರು.

ಸಾಹೇಬರು ನನ್ನನ್ನು ಬೈಯಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಬೈದಿದ್ದರೆ ಅದು ಒಂದು ದಿನದ ಮಾತಾಗಿ ಮುಗಿಯುತ್ತಿತ್ತು. ಕಾಗದ ಒಡೆಯುವುದು ಮಾತ್ರ ಅಲ್ಲಿಗೇ ನಿಂತಿತು. 207ರಿಂದ 217ರವರೆಗೆ ಹಾಗೇ ಉಳಿದವು. ಅಣ್ಣನ ಮಗಳು ಸಾವಿನ ಸುದ್ದಿ ಬರೆದ ಕಾಗದವೂ ಅದರಲ್ಲೇ ಇದೆ. ಅವರು ಜೂನ್ ತಿಂಗಳ ಸೆಖೆಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಲಾರೆನ್ಸಣ್ಣ ಕಿನ್ನಿಗೋಳಿಗೆ ಹೋದರು. ನನಗೆ ನಿಜ್ವಾದ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೆಲಸ ಸಿಕ್ಕಿತು. ಟೈಪ್ ಮಾಡಿದ ನೂರ ಎಂಬತ್ತನಾಲ್ಕು ಪುಟಗಳನ್ನು ನಾನೇ ಕಟ್ಟಿ ಅಣ್ಣನ ಮಗಳಿಗೆಂದು ಲಂಡನ್ನಿಗೆ ಕಳಿಸಿದೆ. ಅದರ ಕೊನೆಯ ಅಧ್ಯಾಯವನ್ನು ಬರೆಸಿದ್ದು ಆ ಫೋನಿನ ಮರುದಿನ, ಫೆಬ್ರವರಿ 27ರ ಗುರುವಾರ.

ಅಂದು ಒಂಬತ್ತಕ್ಕೆ ಹೋದಾಗ ಮೇಜಿನ ಮೇಲೆ ಚಾಕು ಇರಲಿಲ್ಲ. ಕಂಪ್ಯೂಟರ್ ತೆರೆಯಿರಿ ಎಂದರು. ಆಮೇಲೆ ಕೇಳಿದರು, ಆ ಐದು ದಿನಗಳಲ್ಲಿ ಅಣ್ಣ ಇಲ್ಲಿಗೆ ಊಟಕ್ಕೆ ಬಂದದ್ದು ಯಾವತ್ತು ಎಂದು. ಅದೇ ದನಿ. ದಿನಾ ನನ್ನ ಅಭಿಪ್ರಾಯ ಕೇಳುತ್ತಿದ್ದ ದನಿ. ನಾನು ಚೀಲದಿಂದ ದಿನಚರಿ ತೆಗೆದೆ. ಭಾನುವಾರ ಸಾಹೇಬರಿಗೆ ಶೀತವಾಗಿತ್ತು, ಗಂಜಿ ಕುಡಿದಿದ್ದರು. ಸೋಮವಾರ ಸಂಜೆ ಕರೆಂಟು ಹೋಗಿತ್ತು. ಫೆಬ್ರವರಿ 11ರ ಪುಟದಲ್ಲಿ 161ರಿಂದ 164, ನಾಲ್ಕು ಪುಟ, ತಂಪು ಗಾಳಿ ಎಂದಷ್ಟೇ ಇತ್ತು.

"ಮಂಗಳವಾರ, ಸರ್," ಎಂದೆ.

ಅವರು ಬರೆಸಿದರು. ಹೋಟೆಲಿನ ಹಜಾರದಲ್ಲಿ ಅಣ್ಣ ಬಾಗಿಲಿಗೆ ಎದುರಾಗಿ ಕೂತಿದ್ದು, ಇವರನ್ನು ಕಂಡು ಏಳಲು ಹೋಗಿ ಕೋಲು ಬಿದ್ದದ್ದು, ಅದನ್ನು ಎತ್ತಿಕೊಡಲು ಇಬ್ಬರೂ ಬಾಗಿದ್ದು. ಕಾರಿನಲ್ಲಿ ಇಬ್ಬರೂ ಹವೆಯ ಬಗ್ಗೆ ಮಾತಾಡಿದ್ದು. ಊಟದ ಮೇಜು, ಲಾರೆನ್ಸ್ ತಂದಿಟ್ಟ ಮೀನು. ಅವರು ನಿಂತು ನಿಂತು ಹೇಳುತ್ತಿದ್ದರು, ನನ್ನ ಬೆರಳು ಅವರ ಮಾತಿಗಿಂತ ಹಿಂದೆ ಬೀಳುತ್ತಿತ್ತು. ಒಂದೆರಡು ಕಡೆ ತಡವರಿಸಿದಾಗ ನಾನೇ ಮಾತು ಸೇರಿಸಿದೆ. ಅವರು ಬೇಡವೆನ್ನಲಿಲ್ಲ. ಮುಗಿದ ಮೇಲೆ, ರೂಢಿಯಂತೆ, ಮೊದಲಿಂದ ಓದಲು ಹೇಳಿದರು.

ಓದಿದೆ. ಮೀನಿನ ಮೇಲೆ ನಿಂಬೆ ಹಿಂಡಿಕೊಂಡು ಅಣ್ಣ ಮೊದಲ ತುತ್ತು ಬಾಯಿಗಿಟ್ಟ ಸಾಲಿಗೆ ಬಂದಾಗ ಅವರು ಕೈ ಎತ್ತಿದರು. ನಿಂಬೆಯ ಮಾತು ನಾನು ಸೇರಿಸಿದ್ದು.

"ನಿಂಬೆ ಬೇಡ," ಎಂದರು. "ಅವನು ನಿಂಬೆ ಹಿಂಡಿಕೊಳ್ಳುವುದಿಲ್ಲ."

ನಾನು ಅದನ್ನು ಅಳಿಸಿದೆ.